ಗಣಿಯ ಊರಿಗೆ ಕಿವಿಗೊಟ್ಟು ನಡೆದರೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಕವಲೊಡೆಯುವ ರೈಲು ದಾರಿ 1894ರದ್ದು. ನಡುವೆ ಸಿಗುವ ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳ ಹೆಸರು ಓದುತ್ತ ಹೋದರೆ ಹಳೆಯ ಗಣಿಗಳ ಹಾಜರಿ ಕೂಗಿದಂತಿರುತ್ತದೆ. ಎಲ್ಲರ ಬಾಯಲ್ಲೂ ಕೆಜಿಎಫ್ ಆಗಿರುವ ಕೋಲಾರ ಚಿನ್ನದ ಗಣಿ ಪ್ರದೇಶ ಕೆರೆಯ ಸುತ್ತಲೋ ಕೋಟೆಯ ಸುತ್ತಲೋ ಬೆಳೆದ ಊರಲ್ಲ. ನೆಲದಡಿಯಲ್ಲಿ ಅದಿರಿನ ಎಳೆ ಉತ್ತರ–ದಕ್ಷಿಣವಾಗಿ ಹೇಗೆ ಸಾಗಿತ್ತೋ ಮೇಲೆ ಊರೂ ಹಾಗೇ ಉದ್ದಕ್ಕೆ ಚಾಚಿಕೊಂಡಿತು. ಹಾಗಾಗಿ ಇದು ನಡೆದು ನೋಡುವುದಕ್ಕೆ ಒಗ್ಗುವ ಊರು. ದಾರಿ ಹಿಡಿದು ಹೊರಟರೆ ಒಂದರ ನಂತರ ಒಂದು ಗಣಿ ಸಿಗುತ್ತ ಹೋಗುತ್ತದೆ. ಹಾಗೆ ನಡೆದವರ ಕಣ್ಣಿಗೆ ಬೀಳುವುದು ಕಲ್ಲಿನ ಬಂಗಲೆಗಳು, ಕ್ಲಬ್ಬು, ಚರ್ಚುಗಳು, ಆಸ್ಪತ್ರೆ, ಶಾಫ್ಟಿನ ಬಾಯ ಮೇಲೆ ತುಕ್ಕು ಹಿಡಿದು ನಿಂತ ಕಬ್ಬಿಣದ ಗೋಪುರಗಳು ಮತ್ತು ಊರ ಬೆನ್ನಿಗೆ ಸಾಲಾಗಿ ಬಿದ್ದಿರುವ, ಚಿನ್ನ ತೆಗೆದು ಬಿಟ್ಟ ಪುಡಿಯ ಬೂದುಬಣ್ಣದ ಸೈನೈಡ್ ದಿಬ್ಬಗಳು. ಫೋಟೊ ತೆಗೆಯುವವರಿಗೆ ಇಷ್ಟು ಧಾರಾಳವಾಯಿತು. ಗಣಿ ಮಾತ್ರ ಎಲ್ಲೂ ಕಾಣುವುದಿಲ್ಲ. ಅದು ಕಾಲಡಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಗಣಿಯನ್ನು ಮುಚ್ಚಿದ ಮೇಲೆ ನೀರೆತ್ತುವ ಪಂಪುಗಳು ನಿಂತು, ಕೆಳಗಿನ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ.

ಹಳೆಯ ಗಣಿ ಊರೊಂದನ್ನು ಪರಂಪರೆಯ ತಾಣವಾಗಿ ಉಳಿಸಬೇಕು ಎಂದಾಗ ನಮಗೆ ಮೊದಲು ಹೊಳೆಯುವುದು ಕಟ್ಟಡ. ಬಂಗಲೆಗೆ ಸುಣ್ಣ ಬಳಿಯೋಣ, ಕ್ಲಬ್ಬಿನಲ್ಲಿ ಮ್ಯೂಸಿಯಂ ಮಾಡೋಣ, ಗೋಪುರಕ್ಕೆ ದೀಪ ಹಾಕೋಣ ಎಂಬ ಸಲಹೆಗಳು ಬರುತ್ತವೆ. ತಪ್ಪೇನಿಲ್ಲ. ಆದರೆ ಯಾವುದು ಉಳಿಯುತ್ತದೆ ಎಂಬುದು ಯಾವುದರಿಂದ ಕಟ್ಟಿದ್ದರು ಎಂಬುದರ ಮೇಲೆ ನಿಂತಿರುತ್ತದೆ. ಅಧಿಕಾರಿಗಳ ಬಂಗಲೆಗೆ ಕಲ್ಲು, ತೇಗ, ಹೆಂಚು ಬಂತು. ಕೂಲಿಗಳು ಬಹುಕಾಲ ಬಾಳಿದ್ದು ಬಿದಿರಿನ ತಟ್ಟಿಯ ಗುಡಿಸಲುಗಳ ಸಾಲಿನಲ್ಲಿ. ಆ ಗುಡಿಸಲುಗಳನ್ನು ನೋಡೋಣವೆಂದರೆ ಇಂದು ಎಲ್ಲಿವೆ? ಅವರು ದುಡಿದ ಜಾಗವೋ ನೀರಿನಡಿ ಇದೆ. ಆದ್ದರಿಂದ ಕಣ್ಣಿಗೆ ಕಾಣುವುದನ್ನಷ್ಟೇ ಕಾಪಾಡಿದರೆ ನಾವು ಕಾಪಾಡುವುದು ಯಜಮಾನರ ಪಾಲಿನ ಕೆಜಿಎಫನ್ನು. ದುಡಿದವರ ಪಾಲಿನದು ಉಳಿದಿರುವುದು ಹೆಚ್ಚಾಗಿ ಬಾಯಿಮಾತಿನಲ್ಲಿ. ಹಾಗಾಗಿ ಕಥೆ ಕೇಳುತ್ತ ನಡೆಯುವ ಶ್ರವಣ ನಡಿಗೆ, ಅಂದರೆ ಈಗ ಹಲವು ದೇಶಗಳಲ್ಲಿ ಚಾಲ್ತಿಯಲ್ಲಿರುವ ಆಡಿಯೊ ವಾಕ್, ಇಂಥ ಊರಿಗೆ ಪ್ರವಾಸೋದ್ಯಮದವರು ತೊಡಿಸುವ ಅಲಂಕಾರವಷ್ಟೇ ಎಂದು ತಿಳಿಯಬೇಕಿಲ್ಲ. ಕಟ್ಟಡಗಳು ಮಾಡುವ ಪಕ್ಷಪಾತವನ್ನು ಸರಿದೂಗಿಸಲು ಇದಕ್ಕಿಂತ ಯೋಗ್ಯವಾದ ಸಾಧನ ಸದ್ಯಕ್ಕೆ ಬೇರೊಂದಿಲ್ಲ ಎಂಬುದು ಈ ಲೇಖನದ ವಾದ.

ಏನಿದು ಶ್ರವಣ ನಡಿಗೆ? ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಫೋನು. ನಡೆಯುತ್ತ ಒಂದು ಜಾಗಕ್ಕೆ ಬಂದರೆ ಜಿಪಿಎಸ್ ಅದನ್ನು ಗುರುತಿಸಿ ಆ ಜಾಗಕ್ಕೆ ಸೇರಿದ ಧ್ವನಿಯನ್ನು ತಾನಾಗಿ ಶುರು ಮಾಡುತ್ತದೆ. ಫೋನಿನಲ್ಲಿ ಸಿಗ್ನಲ್ ಇಲ್ಲದಿದ್ದರೂ ಸರಿ, ಮೊದಲೇ ಇಳಿಸಿಕೊಂಡಿದ್ದರೆ ಸಾಕು. ತಂತ್ರ ಇಷ್ಟೇ. ಆದರೆ ಈ ಕಲೆ ಫೋನಿಗಿಂತ ಹಳೆಯದು. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 1991ರಲ್ಲಿ ಬ್ಯಾನ್ಫ್‌ನ ಕಾಡಿನಲ್ಲಿ ಮೊದಲ ನಡಿಗೆ ರೂಪಿಸಿದಾಗ ಇದ್ದದ್ದು ಕ್ಯಾಸೆಟ್ಟು. ಅದಕ್ಕೂ ಮುಂಚೆ, 1987ರಲ್ಲಿ, ಅಮೆರಿಕದ ಆಲ್ಕಟ್ರಾಜ್ ದ್ವೀಪದ ಮುಚ್ಚಿದ ಜೈಲಿನಲ್ಲಿ ಇನ್ನೊಂದು ಬಗೆಯ ಪ್ರಯೋಗ ನಡೆದಿತ್ತು. ಅಲ್ಲಿನ ಕೋಣೆಗಳ ಸಾಲಿನಲ್ಲಿ ನಡೆಯುವವರ ಕಿವಿಗೆ ಬೀಳುವುದು ಅಲ್ಲೇ ಕಾವಲಿದ್ದವರ ಮತ್ತು ಅಲ್ಲೇ ಕೈದಿಗಳಾಗಿದ್ದವರ ಸ್ವಂತ ದನಿ. ಎರಡು ಕಡೆಯವರೂ ಒಂದೇ ಗೋಡೆಯ ಬಗ್ಗೆ ಮಾತನಾಡುತ್ತಾರೆ, ಆದರೆ ಗೋಡೆ ಒಂದೇ ಆಗಿ ಉಳಿಯುವುದಿಲ್ಲ. ಲಂಡನ್ನಿನಲ್ಲಿ 2003ರಲ್ಲಿ ಗ್ರೇಮ್ ಮಿಲ್ಲರ್ ಎಂಬ ಕಲಾವಿದರು ‘ಲಿಂಕ್ಡ್’ ಎಂಬ ನಡಿಗೆ ಮಾಡಿದರು. ಎಂ11 ಹೆದ್ದಾರಿಯ ಜೋಡುರಸ್ತೆಗಾಗಿ ಸುಮಾರು 400 ಮನೆಗಳನ್ನು ಕೆಡವಲಾಗಿತ್ತು, ಅವುಗಳಲ್ಲಿ ಮಿಲ್ಲರರ ಮನೆಯೂ ಒಂದು. ದೀಪದ ಕಂಬಗಳಿಗೆ ಕಟ್ಟಿದ ಪುಟ್ಟ ಪ್ರಸಾರ ಯಂತ್ರಗಳು, ಆ ಮನೆಗಳಲ್ಲಿದ್ದವರ ಮಾತುಗಳನ್ನು ಆ ಮನೆಗಳಿದ್ದ ಜಾಗದಲ್ಲೇ ಬಿತ್ತರಿಸುತ್ತಿದ್ದವು. ಕಣ್ಣೆದುರು ಕಾರುಗಳು ಓಡುತ್ತಿರುತ್ತವೆ, ಕಿವಿಯಲ್ಲಿ ಅಡುಗೆಮನೆಯ ಮಾತು. ಕೆಡವಿದ್ದನ್ನು ಮತ್ತೆ ಕಟ್ಟದೆ ಅದರ ಜಾಗದಲ್ಲೇ ಇಟ್ಟು ತೋರಿಸಿದ ಈ ಕೆಲಸ ಕೆಜಿಎಫ್‌ನ ಮಟ್ಟಿಗೆ ತುಂಬ ಹತ್ತಿರದ್ದು. ಹಾಗೆ ನೋಡಿದರೆ ನಮಗೂ ಇದು ತೀರ ಹೊಸತಲ್ಲ. ಇಂಥ ಕಲ್ಲಿನ ಮುಂದೆ ನಿಂತಾಗ ಇಂಥ ಕಥೆ ಹೇಳಬೇಕು ಎಂಬ ಸ್ಥಳಪುರಾಣದ ಕ್ರಮ ನಮ್ಮ ಕ್ಷೇತ್ರಗಳಲ್ಲಿ ಎಷ್ಟೋ ಕಾಲದಿಂದ ಇದೆ.

ಕಿವಿಯೇ ಯಾಕೆ ಎಂಬ ಪ್ರಶ್ನೆಗೆ ಇನ್ನೊಂದು ಉತ್ತರ ಗಣಿಯ ಕೆಲಸದಲ್ಲೇ ಇದೆ. ನೆಲದಡಿಯಲ್ಲಿ ಕಣ್ಣಿಗೆ ದಕ್ಕುವುದು ತಲೆಯ ಮೇಲಿನ ದೀಪದ ಬೆಳಕು ಬಿದ್ದಷ್ಟು ಜಾಗ ಮಾತ್ರ. ಉಳಿದದ್ದನ್ನೆಲ್ಲ ಕಿವಿ ಹೇಳಬೇಕು. ಸಿಡಿಮದ್ದು ಹಾರಿಸಿ ಹೊಗೆ ಇಳಿದ ಮೇಲೆ ಒಳಗೆ ಕಾಲಿಡುವವನು ಮೊದಲು ಮಾಡುವ ಕೆಲಸ ಉದ್ದನೆಯ ಹಾರೆಯಿಂದ ತಲೆ ಮೇಲಿನ ಬಂಡೆಯನ್ನು ತಟ್ಟಿ ನೋಡುವುದು. ಬಂಡೆ ಟಣ್ ಎಂದರೆ ಗಟ್ಟಿ. ಡಬ್ ಎಂದು ಮಂಕಾಗಿ ಸದ್ದು ಮಾಡಿದರೆ ಒಳಗೆ ಬಿರುಕು ಬಿಟ್ಟು ಸಡಿಲಗೊಂಡಿದೆ ಎಂದರ್ಥ. ಅದನ್ನು ಪಕ್ಕಕ್ಕೆ ನಿಂತು ಮೀಟಿ ಕೆಡವಿದ ಮೇಲೆಯೇ ಮುಂದಿನ ಹೆಜ್ಜೆ. ಟಣ್ ಮತ್ತು ಡಬ್ ನಡುವಿನ ಅಂತರ ತಿಳಿಯದವನು ಹೆಚ್ಚು ದಿನ ಬಾಳುವಂತಿರಲಿಲ್ಲ. ಜನರನ್ನು ಇಳಿಸುವ ಕೇಜನ್ನು ಮೇಲಿನ ಎಂಜಿನ್ ಮನೆಯಲ್ಲಿ ಕೂತು ನಡೆಸುವ ಚಾಲಕನಿಗೆ ಕೇಜು ಕಾಣಿಸುತ್ತಿರಲಿಲ್ಲ; ಎಷ್ಟು ಗಂಟೆ ಹೊಡೆದರೆ ಏರಿಸಬೇಕು, ಎಷ್ಟಕ್ಕೆ ಇಳಿಸಬೇಕು, ಎಷ್ಟಕ್ಕೆ ಜನ ಇದ್ದಾರೆಂದು ಅರ್ಥ ಎಂಬ ಸಂಕೇತವೇ ಅವನ ಕಣ್ಣು. ಇದೆಲ್ಲಕ್ಕಿಂತ ದೊಡ್ಡ ಸದ್ದು ಬಂಡೆ ಸಿಡಿಯುವುದು. ಅಷ್ಟು ಆಳದಲ್ಲಿ ಮೇಲಿನ ನೆಲದ ಭಾರವನ್ನೆಲ್ಲ ಹೊತ್ತ ಬಂಡೆಯನ್ನು ಕೊರೆದು ಟೊಳ್ಳು ಮಾಡಿದಾಗ, ಸುತ್ತಲಿನ ಒತ್ತಡ ತಾಳಲಾರದೆ ಅದು ಮದ್ದಿಲ್ಲದೆಯೇ ಸ್ಫೋಟಿಸುತ್ತದೆ. ಕೆಜಿಎಫ್ ಈ ಬಂಡೆ ಸಿಡಿತಕ್ಕೆ ಜಗತ್ತಿನ ಗಣಿಶಾಸ್ತ್ರದಲ್ಲೇ ಹೆಸರಾದ ಜಾಗ. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತಿದ್ದವು, ಗೋಡೆಗಳು ಬಿರುಕು ಬಿಡುತ್ತಿದ್ದವು. ಶಿಲಾ ಯಂತ್ರವಿಜ್ಞಾನದ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಇದೇ ಊರಿನಲ್ಲಿ ಹುಟ್ಟಿದ್ದಕ್ಕೆ ಈ ಹಿನ್ನೆಲೆಯೂ ಇದೆ. ಮನೆಯಲ್ಲಿ ಅನ್ನಕ್ಕಿಟ್ಟು ಕೂತವರಿಗೆ ನೆಲ ಅದುರಿದ ಕ್ಷಣ ಏನನ್ನಿಸಿತು, ಯಾವ ಪಾಳಿಯಲ್ಲಿ ಯಾರು ಕೆಳಗಿದ್ದಾರೆಂಬ ಲೆಕ್ಕ ಹೇಗೆ ತಲೆಯಲ್ಲಿ ಓಡಿತು ಎಂಬುದು ಯಾವ ಫಲಕದಲ್ಲೂ ಬರೆಯಲಾಗದ ಸಂಗತಿ. ಅದನ್ನು ಅವರೇ ಹೇಳಬೇಕು, ಅದೇ ಬೀದಿಯಲ್ಲಿ ನಿಂತು ಕೇಳಬೇಕು.

ಫಲಕಗಳು ಹೇಳುವ ಇತಿಹಾಸವನ್ನು ಬೇಗನೆ ಮುಗಿಸಬಹುದು. 1802ರಲ್ಲಿ ಗಡಿ ಅಳೆಯಲು ಬಂದಿದ್ದ ಜಾನ್ ವಾರೆನ್ ಎಂಬ ಸೇನಾಧಿಕಾರಿ ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. ಆ ವರದಿಯ ಜಾಡು ಹಿಡಿದು 1870ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಲ್ಯಾವೆಲ್ ಎಂಬ ಐರಿಷ್ ಸಿಪಾಯಿ ಪರವಾನಗಿ ಪಡೆದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾರುಬಾರು ಹಿಡಿಯಿತು; ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನುಭವಸ್ಥ ಗಣಿಗರು ಬಂದರು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಇಲ್ಲಿಗೆ ವಿದ್ಯುತ್ ತಂತಿ ಬಂತು. ಬೆಂಗಳೂರಿನ ಬೀದಿ ದೀಪ ಉರಿದದ್ದು ಅದಾದ ಮೂರು ವರ್ಷಕ್ಕೆ. ತೆಗೆದ ಚಿನ್ನದ ಮೇಲಿನ ರಾಜಧನ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ವರ್ಷ ವರ್ಷವೂ ಸಲ್ಲುತ್ತಿತ್ತು. ನಾವು ಇಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮಾದರಿ ಮೈಸೂರಿನ ಬೆನ್ನಿಗೆ ಈ ದುಡ್ಡೂ ಇತ್ತು. 1956ರಲ್ಲಿ ಗಣಿ ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂತು. ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತು. ಇಷ್ಟರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಈ ಸಾಲುಗಳಲ್ಲಿ ಹೆಸರಿರುವವರು ಯಾರೂ ಹಾರೆ ಹಿಡಿದವರಲ್ಲ.

ಹಾರೆ ಹಿಡಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಮೇಸ್ತ್ರಿಗಳ ಬೆನ್ನು ಹಿಡಿದು ಬಂದ ದಲಿತ ಕುಟುಂಬಗಳ ತಮಿಳರು, ತೆಲುಗರು. ಇವರ ಬದುಕನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರಿನ ಗಣಿ ಮತ್ತು ಗಿರಣಿ ಕಾರ್ಮಿಕರ ಕುರಿತ ತಮ್ಮ ಪುಸ್ತಕದಲ್ಲಿ ಕಡತಗಳಿಂದ ಹೆಕ್ಕಿ ತೆಗೆದಿದ್ದಾರೆ. ಚಿನ್ನ ಕದ್ದಾರೆಂಬ ಗುಮಾನಿಯಿಂದ ಕಂಪನಿ ಇವರ ಮೇಲೆ ಇಟ್ಟ ಕಾವಲು ಒಂದು ಬಗೆಯದಲ್ಲ. ಮೈ ತಡಕುವುದು, ಬೇಲಿ, ಪ್ರತ್ಯೇಕ ಕಾನೂನು, ಕೊನೆಗೆ ಹೆಬ್ಬೆಟ್ಟಿನ ಗುರುತು. 1930ರಲ್ಲಿ ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಗಣಿಗೆ ಗಣಿಯೇ ಮುಷ್ಕರ ಹೂಡಿತು. ಯೂನಿಯನ್ ಇನ್ನೂ ಬೇರೂರದ ಕಾಲ ಅದು. ಕೂಲಿ ಹೆಚ್ಚಿಸಿ ಎನ್ನುವುದಕ್ಕೂ ನನ್ನ ಹೆಬ್ಬೆರಳನ್ನು ಕಳ್ಳನ ಹೆಬ್ಬೆರಳಿನ ಹಾಗೆ ಒತ್ತಿಸಬೇಡಿ ಎನ್ನುವುದಕ್ಕೂ ವ್ಯತ್ಯಾಸವಿದೆ. ಇದು ಮರ್ಯಾದೆಯ ಜಗಳ. 1946ರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಇನ್ನೊಂದು ಸಾವು ಗುಂಡಿನ ಸದ್ದಿಲ್ಲದೆ ಬರುತ್ತಿತ್ತು. 1940ರಿಂದ 46ರವರೆಗೆ ಗಣಿಯ ವೈದ್ಯರು ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ 43ರಷ್ಟು ಮಂದಿಗೆ ಸಿಲಿಕೋಸಿಸ್ ಇತ್ತು, ಅಂದರೆ ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಉಸಿರನ್ನು ಕಟ್ಟಿಹಾಕುವ ರೋಗ. ಶೇಕಡಾವಾರು ಓದಿದರೆ ತಲೆಗೆ ಹತ್ತುತ್ತದೆ. ಅದೇ ರೋಗದವರೊಬ್ಬರು ಎರಡು ವಾಕ್ಯದ ನಡುವೆ ಉಸಿರಿಗಾಗಿ ನಿಲ್ಲುವುದು ರೆಕಾರ್ಡಿನಲ್ಲಿ ಹಾಗೇ ಉಳಿದಿದ್ದರೆ ಅಂಕಿಗೆ ಅಳತೆ ಸಿಗುತ್ತದೆ. ಧ್ವನಿ ಸಂಕಲನ ಮಾಡುವವರು ಮೊದಲು ಕತ್ತರಿಸಿ ಎಸೆಯುವುದು ಇಂಥ ನಿಲುಗಡೆಗಳನ್ನೇ, ಹಾಗಾಗಿ ಇದನ್ನು ಒತ್ತಿ ಹೇಳಬೇಕಾಗಿದೆ.

ಹಾಗೆಂದು ಎಲ್ಲವೂ ಸಂಕಟದ ಕಥೆಯಾಗಬೇಕಿಲ್ಲ. ಹಾಗೆ ಮಾಡಿದರೆ ಅದೂ ಇನ್ನೊಂದು ಬಗೆಯ ಅನ್ಯಾಯ. ಸುಮಾರು 1907ರ ಹೊತ್ತಿಗೇ, ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸುವುದಕ್ಕೆ ಅರ್ಧ ಶತಮಾನ ಮೊದಲು, ಮದ್ರಾಸಿನ ಚಿಂತಕ ಅಯೋತ್ತಿ ದಾಸರ ಪ್ರೇರಣೆಯಿಂದ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ನಡೆಯುತ್ತಿತ್ತು. ಗಣಿ ಊರಿನ ಮುದ್ರಣಾಲಯದಿಂದ ತಮಿಳಿನಲ್ಲಿ ಬೌದ್ಧ ಪುಸ್ತಕಗಳು ಹೊರಬಂದವು. ಹಗಲು ಬಂಡೆ ಕೊರೆದ ಸಮುದಾಯ ಸಂಜೆ ಸಭೆ ಸೇರಿ ಜಾತಿಯನ್ನು ಬಿಡುವ ದಾರಿ ಯಾವುದೆಂದು ಚರ್ಚಿಸುತ್ತಿತ್ತು ಎಂಬುದು ಕರ್ನಾಟಕದ ವಿಚಾರಚರಿತ್ರೆಯಲ್ಲಿ ದೊಡ್ಡ ಅಧ್ಯಾಯವಾಗಬೇಕಿತ್ತು. ಅದು ಕ್ಲಬ್ಬಿನ ಕಟ್ಟಡದಷ್ಟು ಎದ್ದು ಕಾಣುವುದಿಲ್ಲ ಎಂಬ ಕಾರಣಕ್ಕೆ ನಮಗೆ ಗೊತ್ತಿಲ್ಲ. ಇದರ ಪಕ್ಕದಲ್ಲೇ ಇನ್ನೊಂದು ನಿಲುಗಡೆ ಇಡಬಹುದು. ಮೇಲಿನ ಎರಡು ಕಿಲೋಮೀಟರಿಗೂ ಹೆಚ್ಚಿನ ಬಂಡೆ ಬೇರೆ ಬಹುತೇಕ ಕಣಗಳನ್ನು ತಡೆಯುವುದರಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್ನಿನ ಜೊತೆಗಾರರೊಂದಿಗೆ ಇದೇ ಗಣಿಯೊಳಗೆ ಉಪಕರಣ ಇಟ್ಟು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಕುರುಹನ್ನು ಜಗತ್ತಿಗೆ ಮೊದಲು ತೋರಿಸಿದವರಲ್ಲಿ ಸೇರಿದರು. ಆ ಉಪಕರಣಗಳನ್ನು ಕೇಜಿನಲ್ಲಿ ಇಳಿಸಿದವರು ಯಾರು, ಅವರಿಗೆ ಅದರ ಬಗ್ಗೆ ಏನೆಂದು ಹೇಳಲಾಗಿತ್ತು ಎಂದು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಈಗ ಆಕ್ಷೇಪಣೆಗಳು. ಮೊದಲನೆಯದು ಇತಿಹಾಸದ ವಿದ್ಯಾರ್ಥಿಗಳದು. ಮುದುಕರ ನೆನಪನ್ನು ನಂಬಬಹುದೇ? ಇಸವಿ ತಪ್ಪುತ್ತದೆ, ಕೇಳಿದ್ದು ಕಂಡದ್ದಾಗುತ್ತದೆ, ಸತ್ತವರ ಸಂಖ್ಯೆ ಬೆಳೆಯುತ್ತದೆ. ನಿಜ. ಇದಕ್ಕೆ ಒಳ್ಳೆಯ ಉತ್ತರ ಇಟಲಿಯಿಂದ ಬಂದಿದೆ. ತೆರ್ನಿ ಎಂಬ ಉಕ್ಕಿನ ಊರಿನಲ್ಲಿ 1949ರಲ್ಲಿ ನೇಟೊ ವಿರೋಧಿ ಪ್ರತಿಭಟನೆಯಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರಿಂದ ಸತ್ತ. ದಶಕಗಳ ನಂತರ ಮೌಖಿಕ ಇತಿಹಾಸಕಾರ ಅಲೆಸಾಂದ್ರೊ ಪೊರ್ತೆಲ್ಲಿ ಊರವರನ್ನು ಕೇಳಿದಾಗ ಹಲವರು ಅದು 1953ರ ಸಾಮೂಹಿಕ ವಜಾದ ಹೊತ್ತಿನಲ್ಲಿ ನಡೆದದ್ದೆಂದು ಹೇಳಿದರು. ಪೊರ್ತೆಲ್ಲಿ ಅದನ್ನು ತಪ್ಪೆಂದು ಗುರುತಿಸಿದರು, ಆದರೆ ಎಸೆಯಲಿಲ್ಲ. ಒಂದು ಸಾವು ಸುಮ್ಮನೆ ಆಗಿಹೋಯಿತೆಂಬುದನ್ನು ಊರು ತಾಳಲಾರದೆ, ಅದನ್ನು ತನ್ನ ದೊಡ್ಡ ಸೋಲಿನ ದಿನಕ್ಕೆ ತಂದು ಜೋಡಿಸಿಕೊಂಡಿದೆ ಎಂದು ತೋರಿಸಿದರು. ಇದೇ ಪೊರ್ತೆಲ್ಲಿ ಮುಂದೆ ಅಮೆರಿಕದ ಹಾರ್ಲನ್ ಕಲ್ಲಿದ್ದಲು ಗಣಿಗರ ಮಾತುಗಳನ್ನೂ ದಶಕಗಳ ಕಾಲ ದಾಖಲಿಸಿದರು. ಕೆಜಿಎಫ್‌ನ ನಡಿಗೆಯೂ ಇದನ್ನೇ ಮಾಡಬೇಕು. ಕಡತ ಏನು ಹೇಳುತ್ತದೆ ಎಂಬುದನ್ನು ಒಂದು ದನಿ ಚುಟುಕಾಗಿ ಹೇಳಲಿ, ಊರು ಏನು ಹೇಳುತ್ತದೆ ಎಂಬುದನ್ನು ಇನ್ನೊಂದು ದನಿ ಹೇಳಲಿ. ಎರಡೂ ಹೊಂದದಿದ್ದರೆ ಹೊಂದಿಸುವ ಗೋಜಿಗೆ ಹೋಗಬಾರದು. ಕೇಳುಗರು ಅಷ್ಟು ದಡ್ಡರಲ್ಲ.

ಎರಡನೆಯ ಆಕ್ಷೇಪಣೆ ಜನಪ್ರಿಯ ಸಿನಿಮಾದ್ದು. 2018 ಮತ್ತು 2022ರ ‘ಕೆಜಿಎಫ್’ ಚಿತ್ರಗಳು ಈ ಹೆಸರನ್ನು ಜಗತ್ತಿಗೇ ಮುಟ್ಟಿಸಿವೆ, ಇನ್ನು ಕಥೆ ಹೇಳುವುದಕ್ಕೆ ಏನಿದೆ ಎನ್ನಬಹುದು. ಇದೇ ದಿಬ್ಬಗಳ ಮೇಲೆ ಚಿತ್ರೀಕರಣವೂ ನಡೆಯಿತು. ಸಿನಿಮಾ ಕಲ್ಪನೆ, ಅದಕ್ಕೆ ಆ ಹಕ್ಕಿದೆ. ಆದರೆ ಚಿತ್ರದ ಕಾಲ್ಪನಿಕ ಗಣಿ ನರಾಚಿಯಲ್ಲಿ ಗುಲಾಮರು ಚಾಟಿಯೇಟು ತಿನ್ನುತ್ತಿದ್ದ ಅದೇ ಕಾಲಾವಧಿಯಲ್ಲಿ ನಿಜವಾದ ಗಣಿ 1972ರಿಂದ ಸಾರ್ವಜನಿಕ ವಲಯದ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಆಗಿತ್ತು. ಅಲ್ಲಿ ಯೂನಿಯನ್ನುಗಳಿದ್ದವು, ಬೋನಸ್ಸಿನ ಜಗಳಗಳಿದ್ದವು, ಕ್ವಾರ್ಟರ್ಸಿನ ಸರದಿಯಿತ್ತು, ನಷ್ಟದ ಬ್ಯಾಲೆನ್ಸ್ ಶೀಟುಗಳಿದ್ದವು. ಈಗ ಹೊರಗಿನವರು ಬಂದು ನರಾಚಿ ಎಲ್ಲಿದೆ ಎಂದು ಕೇಳುವಂತಾದರೆ ಅಲ್ಲಿ ಮೂವತ್ತು ವರ್ಷ ದುಡಿದು ಬಂದವರಿಗೆ ತಮ್ಮ ಊರಿನಲ್ಲೇ ತಮ್ಮ ಕಥೆಗೆ ಜಾಗವಿಲ್ಲದಂತಾಗುತ್ತದೆ. ಶ್ರವಣ ನಡಿಗೆ ಸಿನಿಮಾದೊಂದಿಗೆ ಪೈಪೋಟಿಗೆ ಇಳಿಯಬೇಕಿಲ್ಲ. ಆದರೆ ಒಂದು ನಿಯಮ ಪಾಲಿಸಬೇಕು: ಕಾಲ್ಪನಿಕ ಗಣಿಗನೊಬ್ಬನನ್ನು ಹುಟ್ಟಿಸಿ ಅವನಿಂದ ಕಥೆ ಹೇಳಿಸಬಾರದು. ಬೇರೆ ಊರುಗಳಲ್ಲಿ ಕಲಾವಿದರು ಕಲ್ಪನೆ ಬೆರೆಸಿ ಅದ್ಭುತ ನಡಿಗೆಗಳನ್ನು ಮಾಡಿದ್ದಾರೆ. ಕೆಜಿಎಫ್‌ಗೆ ಕಲ್ಪನೆಯ ಪಾಲು ಈಗಾಗಲೇ ಸಾಕಷ್ಟು ಸಂದಿದೆ. ಇಲ್ಲಿ ಕಥನ ಕಲೆ ಇರಬೇಕಾದ್ದು ನಿಜವಾದ ದನಿಗಳನ್ನು ಯಾವ ತಿರುವಿನಲ್ಲಿ, ಯಾವುದರ ನಂತರ ಯಾವುದನ್ನು ಇಡುತ್ತೇವೆ ಎಂಬುದರಲ್ಲಿ.

ಇನ್ನೊಂದು ಆಕ್ಷೇಪಣೆಯನ್ನು ಬಹಿರಂಗವಾಗಿ ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. ಈ ದನಿಗಳಲ್ಲಿ ಬಹುಪಾಲು ತಮಿಳಿನಲ್ಲಿ ಇರುತ್ತವೆ, ಇದು ಕನ್ನಡ ನಾಡಿನ ಪರಂಪರೆ ಹೇಗಾದೀತು? ಕೋಲಾರದ ಜನ ಈ ಪ್ರಶ್ನೆಗೆ ನಗುತ್ತಾರೆ. ಸಂತೆಯಲ್ಲಿ ಒಂದೇ ವ್ಯಾಪಾರ ಮೂರು ಭಾಷೆಯಲ್ಲಿ ಮುಗಿಯುವ ಸೀಮೆ ಅದು. ಮೈಸೂರಿನ ಬೊಕ್ಕಸಕ್ಕೆ ಬಂದ ರಾಜಧನವನ್ನು ಯಾವ ಭಾಷೆಯವರು ದುಡಿದರೆಂದು ಯಾರೂ ಕೇಳಲಿಲ್ಲ; ಅವರ ನೆನಪು ಬಂದಾಗ ಮಾತ್ರ ಭಾಷೆ ಕೇಳುವುದು ಸರಿಯಲ್ಲ. ನಡಿಗೆಯ ಕನ್ನಡ ಆವೃತ್ತಿ ಇರಲೇಬೇಕು, ತಮಿಳು ತೆಲುಗಿನವೂ ಇರಬೇಕು. ಕನ್ನಡ ಆವೃತ್ತಿಯಲ್ಲಿ ತಮಿಳು ದನಿಯನ್ನು ಅಳಿಸಿ ನಟರಿಂದ ಕನ್ನಡದಲ್ಲಿ ಓದಿಸುವ ಸುಲಭದ ದಾರಿ ಹಿಡಿಯಬಾರದು. ಮೂಲ ದನಿ ಒಂದೆರಡು ವಾಕ್ಯ ಕೇಳಿಸಲಿ, ಆಮೇಲೆ ಅದರ ಮೇಲೆ ಮೆಲ್ಲಗೆ ಕನ್ನಡ ಬರಲಿ. ಆಕಾಶವಾಣಿಯ ಕಾಲದಿಂದ ನಮ್ಮ ಕಿವಿಗೆ ಈ ಕ್ರಮ ರೂಢಿಯಿದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಹೊಟ್ಟೆಯದು. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ದಿನ ಬೆಳಗಾದರೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಗಾಳಿ ಬೀಸಿದರೆ ದಿಬ್ಬಗಳ ದೂಳು ಮನೆಯೊಳಗೆ ಬರುತ್ತದೆ. ಕಂಪನಿ ಮನೆಗಳ ಹಕ್ಕಿನ ಪ್ರಶ್ನೆ ವರ್ಷಗಟ್ಟಲೆ ನೇತಾಡಿದೆ. ಇವರಿಗೆ ಬೇಕಾದ್ದು ಕೆಲಸ, ನೀರು, ಹಕ್ಕುಪತ್ರ. ಬೆಂಗಳೂರಿನಿಂದ ಬಂದ ಯಾರೋ ಹೆಡ್‌ಫೋನ್ ಹಾಕಿಕೊಂಡು ಇವರ ಬೀದಿಯಲ್ಲಿ ಅಡ್ಡಾಡಿದರೆ ಇವರಿಗೇನು ಬಂತು? ಈ ಮಾತಿನ ಮುಂದೆ ಜಾಣತನ ತೋರಬಾರದು. ಶ್ರವಣ ನಡಿಗೆಯಿಂದ ಊರು ಉದ್ಧಾರವಾಗುತ್ತದೆ ಎಂದು ಯೋಜನಾ ವರದಿ ಬರೆಯುವವರು ಬರೆದರೆ ನಂಬಬಾರದು. ಒಂದಷ್ಟು ಯುವಕರಿಗೆ ಧ್ವನಿಮುದ್ರಣದ ಕೆಲಸ, ಕೆಲವು ಹೋಟೆಲುಗಳಿಗೆ ವ್ಯಾಪಾರ, ಅಷ್ಟೇ. ಅದು ಮಾಡಬಲ್ಲ ಕೆಲಸ ಬೇರೆ. ಊರಿನ 13 ದಿಬ್ಬಗಳಲ್ಲಿ ಚಿನ್ನ ತೆಗೆದು ಬಿಟ್ಟ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚಿದೆ, ಅದರಲ್ಲಿ ಇನ್ನೂ ಚಿನ್ನದ ಅಂಶವಿದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅಂದರೆ ಈ ನೆಲದ ಭವಿಷ್ಯದ ಮಾತುಕತೆ ಮುಗಿದಿಲ್ಲ. ಟೆಂಡರು ಕಾಗದಗಳಲ್ಲಿ ಆ ಜಾಗಕ್ಕೆ ಎಕರೆ ಮತ್ತು ಟನ್ನಿನ ಲೆಕ್ಕವಷ್ಟೇ ಇರುತ್ತದೆ. ಈ ಗಲ್ಲಿಗೆ ಇಂಥ ತಿಂಗಳಲ್ಲಿ ದೂಳು ಬರುತ್ತದೆ, ಇಂಥ ಕಡೆ ಇಂತಿಷ್ಟು ಮನೆ ಕುಸಿಯಿತು ಎಂದು ಜಾಗಕ್ಕೆ ಜಾಗ ಗುರುತಿಟ್ಟು ಹೇಳುವ ನೂರಾರು ದನಿಗಳ ದಾಖಲೆ ಸಾರ್ವಜನಿಕವಾಗಿ ಇದ್ದರೆ, ಅದನ್ನು ಬದಿಗಿಟ್ಟು ಮಾತನಾಡುವುದು ಯಾರಿಗೂ ಅಷ್ಟು ಸುಲಭವಲ್ಲ. ನಡಿಗೆಗೆ ಬಂದವರಿಗೆ ಅದು ಕಥೆ, ಊರವರಿಗೆ ಅದು ಸಾಕ್ಷಿ.

ಬಡತನವನ್ನು ನೋಡಲು ಬರುವ ಪ್ರವಾಸವಾಗದಂತೆ ತಡೆಯುವ ದಾರಿಗಳೂ ಇವೆ. ಮುಚ್ಚಿದ ಗಣಿಗಳನ್ನು ಉಳಿಸಿಕೊಂಡ ಬೇರೆ ಕಡೆ ಹೇಗೆ ಮಾಡಿದ್ದಾರೆ ನೋಡಬೇಕು. ವೇಲ್ಸ್‌ನ ಬಿಗ್ ಪಿಟ್ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿ 1983ರಲ್ಲಿ ಮ್ಯೂಸಿಯಂ ಆಯಿತು. ಅಲ್ಲಿ ಸುಮಾರು 90 ಮೀಟರ್ ಕೆಳಕ್ಕೆ ಕೇಜಿನಲ್ಲಿ ಇಳಿಸಿ ಕರೆದೊಯ್ದವರು ಹಳೆಯ ಗಣಿಗರೇ. ನೋಡಲು ಬಂದವರು ಅವರ ಮಾತಿಗೆ ಕಾಯಬೇಕು, ಅವರು ಹೇಳಿದಲ್ಲಿ ನಿಲ್ಲಬೇಕು. ಕೆಜಿಎಫ್‌ನಲ್ಲಿ ಕೆಳಗಿಳಿಯುವಂತಿಲ್ಲ. ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು, ಈಗ ನೀರು. ದಿಬ್ಬಗಳನ್ನು ಹತ್ತುವುದೂ ಬೇಡ, ಬೇಲಿ ದಾಟುವುದಂತೂ ಬೇಡ. ಧ್ವನಿಯ ಅನುಕೂಲ ಇಲ್ಲೇ ಇದೆ: ರಸ್ತೆಯ ಬದಿಯಲ್ಲಿ ನಿಂತವರಿಗೆ ಬೇಲಿಯಾಚೆಯ ಶಾಫ್ಟಿನಲ್ಲಿ ಕೇಜು ಬಿದ್ದಂತೆ ಇಳಿಯುವುದನ್ನು, ಕಿವಿ ಕಟ್ಟಿಕೊಳ್ಳುವುದನ್ನು, ಕೆಳಗಿನ ಸೆಕೆಯಲ್ಲಿ ಮೈಯೆಲ್ಲ ಬೆವರಾಗುವುದನ್ನು ಒಬ್ಬರು ಹೇಳಬಹುದು, ಯಾರ ಕಾಲೂ ಅಪಾಯದ ನೆಲ ಮುಟ್ಟಬೇಕಿಲ್ಲ. ಜನ ಇನ್ನೂ ವಾಸಿಸುವ ಲೈನುಗಳ, ಅಂದರೆ ಕಾರ್ಮಿಕರ ಮನೆಸಾಲುಗಳ, ಒಳಗೆ ನಡಿಗೆ ಹೋಗಬಾರದು. ಉರಿಗಾಂ ನಿಲ್ದಾಣದಿಂದ ಚಾಂಪಿಯನ್ ಕಡೆಗೆ ಮುಖ್ಯ ರಸ್ತೆ ಹಿಡಿದರೆ ಸಾಕು. ಹೆಡ್‌ಫೋನ್ ಹಾಕಿದವರು ಎದುರು ಸಿಕ್ಕವರಿಗೆ ಕಿವುಡರಾಗುತ್ತಾರೆ ಎಂಬ ದೂರಿಗೂ ಪರಿಹಾರವಿದೆ. ಒಂದೇ ಕಿವಿಗೆ ಹಾಕಿಕೊಳ್ಳಿ ಎಂದು ಶುರುವಿನಲ್ಲೇ ಹೇಳಬೇಕು, ಟೀ ಅಂಗಡಿಯ ಬಳಿ ಧ್ವನಿಯೇ ನಿಂತುಹೋಗಿ ಅಲ್ಲಿದ್ದವರನ್ನು ಮಾತನಾಡಿಸುವಷ್ಟು ಬಿಡುವು ಕೊಡಬೇಕು.

ಕೆಲಸ ಶುರುವಾಗುವುದಾದರೆ ದಾರಿ ಗುರುತಿಸುವುದರಿಂದ ಆಗಬಾರದು, ಧ್ವನಿ ಮುದ್ರಿಸುವುದರಿಂದ ಆಗಬೇಕು. ದಾರಿ ಇನ್ನು ಹತ್ತು ವರ್ಷಕ್ಕೂ ಅಲ್ಲೇ ಇರುತ್ತದೆ. 1970ರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತು ದಾಟಿದೆ, ಅವರಲ್ಲಿ ಹಲವರ ಎದೆಯಲ್ಲಿ ಗಣಿಯ ದೂಳಿದೆ. ಮಾತನಾಡಿಸಲು ಹೋಗುವವರು ಊರಿನ ಹುಡುಗ ಹುಡುಗಿಯರೇ ಆದರೆ ಒಳ್ಳೆಯದು. ತಾತಾ, ಅಜ್ಜಿ ಎಂದು ಕೂತು ಕೇಳಿದರೆ ಹೊರಗಿನವರಿಗೆ ಹೇಳದ ಮಾತು ಹೊರಬರುತ್ತದೆ, ಅವರವರ ಭಾಷೆಯಲ್ಲೇ ಬರುತ್ತದೆ. ಹೇಳಿದ್ದನ್ನು ಅವರಿಗೇ ಒಮ್ಮೆ ಕೇಳಿಸಿ, ಬೇಡವೆಂದ ಭಾಗವನ್ನು ಬಿಡಬೇಕು. ಮನಸ್ಸು ಬದಲಾಯಿತೆಂದರೆ ಆಮೇಲೂ ತೆಗೆಯಲು ಅವಕಾಶವಿರಬೇಕು. ಇನ್ನು ಆ್ಯಪಿನ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ನಾಲ್ಕೈದು ವರ್ಷಕ್ಕೆ ಫೋನು ಬದಲಾಗುತ್ತದೆ, ಆ್ಯಪು ಮಾಡಿಕೊಟ್ಟ ಕಂಪನಿ ಕೈಬಿಡುತ್ತದೆ, ಅನುದಾನ ಮುಗಿಯುತ್ತದೆ. ಆದ್ದರಿಂದ ಕತ್ತರಿಸದ ಪೂರ್ತಿ ಧ್ವನಿಮುದ್ರಿಕೆಗಳ ಒಂದು ಪ್ರತಿ ಸಾದಾ ಕಡತಗಳಾಗಿ, ಯಾರು ಯಾವ ಜಾಗದ ಬಗ್ಗೆ ಹೇಳಿದರು ಎಂಬ ಪಟ್ಟಿಯ ಸಮೇತ, ಇದೇ ಊರಿನ ರಾಬರ್ಟ್‌ಸನ್‌ಪೇಟೆಯ ಸಾರ್ವಜನಿಕ ಗ್ರಂಥಾಲಯದಂಥ ಜಾಗದಲ್ಲಿರಬೇಕು. ಇನ್ನೊಂದು ಪ್ರತಿ ರಾಜ್ಯ ಪತ್ರಾಗಾರದಲ್ಲಿರಬೇಕು. ಇದಕ್ಕೆ ಬೇಕಾಗುವ ಖರ್ಚು ಒಂದು ಬಂಗಲೆಯ ಹೆಂಚು ಹೊದಿಸುವ ಖರ್ಚಿಗಿಂತ ಹೆಚ್ಚಾಗುವ ಸಂಭವ ಕಡಿಮೆ.